ಹಿಮದೂರಿನ ಕೋಳಿ, ಮಳೆಯೂರಿನ ಕೋಳಿ

ಕೋಳಿ ಎಂಬ ಹೆಸರು ಕಂಡೊಡನೆ ಪುಟ ಮಗುಚುವ ಶಾಕಾಹಾರಿ ಬಂಧುಗಳು ದಯವಿಟ್ಟು ಒಂದು ನಿಮಿಷ ತಾಳಬೇಕು. ಇದು ಅಡುಗೆಯ ಲೇಖನವಲ್ಲ. ‘ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ’ ಎಂಬ ಗಾದೆ ನಮ್ಮಲ್ಲಿದೆಯಲ್ಲ. ಮಸಾಲೆಯ ಮಾತು ಹಾಗಿರಲಿ, ಗೂಡು ಕಟ್ಟುವಾಗಲೂ ನಾವು ಕೋಳಿಯನ್ನು ಕೇಳುವುದಿಲ್ಲ. ನಮಗೆ ಯಾವುದು ಹಿತವೋ ಅದಕ್ಕೂ ಅದೇ ಹಿತವೆಂದು ತಿಳಿದು ಕಟ್ಟಿಬಿಡುತ್ತೇವೆ. ಹೀಗೆ ತಿಳಿದುಕೊಂಡದ್ದರಿಂದಲೇ ಹಿಮ ಬೀಳುವ ಊರುಗಳಲ್ಲಿಯೂ, ನಮ್ಮ ಈ ಮಳೆಯೂರಿನಲ್ಲಿಯೂ ಎಷ್ಟೋ ಕೋಳಿಗಳು ವೃಥಾ ಸಾಯುತ್ತವೆ.

ಈ ವಿಷಯ ಈಗೇಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಅನೇಕರ ಮಕ್ಕಳು ಅಮೆರಿಕ, ಕೆನಡಾಗಳಲ್ಲಿದ್ದಾರೆ. 2025ರ ಆರಂಭದಲ್ಲಿ ಹಕ್ಕಿಜ್ವರದಿಂದಾಗಿ ಅಮೆರಿಕದಲ್ಲಿ ಮೊಟ್ಟೆಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಆಗ ಅಲ್ಲಿ ಎಷ್ಟೋ ಸಂಸಾರಗಳು ಹಿತ್ತಲಿನಲ್ಲಿ ನಾಲ್ಕು ಕೋಳಿ ಸಾಕುವ ಯೋಚನೆ ಮಾಡಿದವು. ಕೆನಡಾದ ಕ್ಯಾಲ್ಗರಿ ನಗರದವರು 2022ರಿಂದ ಪರವಾನಗಿ ಕೊಟ್ಟು ಮನೆಗಳಲ್ಲಿ ಹೇಂಟೆಗಳನ್ನು ಸಾಕಲು ಬಿಟ್ಟಿದ್ದಾರೆ. ಹುಂಜಕ್ಕೆ ಮಾತ್ರ ಅನುಮತಿಯಿಲ್ಲ. ಚಳಿ ಜೋರಾದಾಗ ಉಷ್ಣತೆ ಮೈನಸ್ 30 ಡಿಗ್ರಿಗೆ ಇಳಿಯುವ ಊರು ಅದು! ನಮ್ಮ ಮಹಿಳೆಯರು ಒಟ್ಟು ಸೇರಿದಾಗ ಈ ಮಾತು ಬಂದರೆ ಪ್ರಶ್ನೆಗಳ ಸುರಿಮಳೆ. ‘ಅಷ್ಟು ಚಳಿಯಲ್ಲಿ ಕೋಳಿ ಬದುಕುತ್ತದೆಯೇನ್ರೀ? ಗೂಡಿಗೆ ಹೀಟರ್ ಇಡಬೇಕಲ್ಲವೇ?’

ಹೀಗೆ ಕೇಳುವವರ ಮನೆಯ ಹಿತ್ತಲಿನಲ್ಲೇ ಜೂನ್ ತಿಂಗಳಲ್ಲಿ ತಂದ ಮರಿಗಳು ಆಗಸ್ಟ್‌ವರೆಗೆ ಉಳಿಯುವುದಿಲ್ಲ. ಹಿಮದೂರಿನ ಪ್ರಶ್ನೆಗೂ ನಮ್ಮೂರಿನ ಈ ದುಃಖಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲು ಹಿಮದೂರಿಗೆ ಹೋಗಿಬರೋಣ.

ಹುಟ್ಟುವಾಗಲೇ ತಂದ ಕಂಬಳಿ

ಕೋಳಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮಗೆ ಅಷ್ಟಾದರೆ ಆಸ್ಪತ್ರೆಗೆ ಓಡಬೇಕು. ಅದಕ್ಕೆ ಅದು ಸಹಜ. ಆ ಬಿಸಿಯನ್ನು ಹಿಡಿದಿಡಲು ಗರಿಗಳ ಅಡಿಯಲ್ಲಿ ಹತ್ತಿಯಂಥ ಮೆತ್ತನೆಯ ಪುಕ್ಕವಿದೆ. ಚಳಿಯಾದಾಗ ಕೋಳಿ ಮೈ ಉಬ್ಬಿಸಿ ಕೂರುವುದನ್ನು ನೀವು ನೋಡಿರಬಹುದು. ಪುಕ್ಕಗಳ ನಡುವೆ ಗಾಳಿ ತುಂಬಿಕೊಂಡು ಅದೇ ಕಂಬಳಿಯಾಗುತ್ತದೆ. ಕಾಲಿಗೆ ಇಳಿಯುವ ಬಿಸಿ ರಕ್ತವೂ ಕಾಲಿನಿಂದ ಏರಿ ಬರುವ ತಣ್ಣನೆಯ ರಕ್ತವೂ ಅಕ್ಕಪಕ್ಕದ ನಾಳಗಳಲ್ಲಿ ಹರಿಯುವುದರಿಂದ ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ, ಮೈಯ ಬಿಸಿ ನೆಲಕ್ಕೆ ಸೋರಿಹೋಗುವುದಿಲ್ಲ.

ಆದ್ದರಿಂದ ಬೆಳೆದ, ಆರೋಗ್ಯವಂತ ಕೋಳಿ ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಬದುಕುತ್ತದೆ. ಅದಕ್ಕೆ ಬೇಕಾದದ್ದು ಹೊಟ್ಟೆ ತುಂಬ ಕಾಳು, ಕುಡಿಯಲು ಹೆಪ್ಪುಗಟ್ಟದ ನೀರು, ನೇರವಾಗಿ ಗಾಳಿ ಬಡಿಯದ ಒಣ ಜಾಗ. ಚಳಿಗಾಲದಲ್ಲಿ ಅದು ಹೆಚ್ಚು ತಿನ್ನುತ್ತದೆ, ಏಕೆಂದರೆ ತಿಂದದ್ದೇ ಅದರ ಸೌದೆ. ಮಲಗುವ ಮೊದಲು ಒಂದು ಹಿಡಿ ಜೋಳ ಹಾಕಿದರೆ ರಾತ್ರಿಯಿಡೀ ಅದು ಜೀರ್ಣವಾಗುತ್ತಾ ಮೈ ಬೆಚ್ಚಗಿರುತ್ತದೆ.

ಕೂರುವ ಅಡ್ಡಕೋಲಿನ ವಿಷಯವೂ ಮುಖ್ಯ. ಅದು ದುಂಡಗೆ, ಸಣ್ಣಗೆ ಇದ್ದರೆ ಕೋಳಿ ಬೆರಳುಗಳಿಂದ ಅವಚಿ ಹಿಡಿದು ಕೂರಬೇಕು. ಬೆರಳುಗಳು ಹೊರಗೇ ಉಳಿದು ಮರಗಟ್ಟುತ್ತವೆ. ಮೂರು ನಾಲ್ಕು ಅಂಗುಲ ಅಗಲದ ಪಟ್ಟಿಯಿದ್ದರೆ ಪಾದ ಚಪ್ಪಟೆಯಾಗಿ ಊರಿ, ಹೊಟ್ಟೆಯ ಪುಕ್ಕ ಅದರ ಮೇಲೆ ಸೆರಗಿನಂತೆ ಇಳಿಯುತ್ತದೆ.

ಹಾಗಾದರೆ ಶತ್ರು ಯಾರು?

ಪುಕ್ಕವಿಲ್ಲದ ಭಾಗಗಳು ಎರಡೇ: ಕಾಲು ಮತ್ತು ತಲೆಯ ಕೆಂಪು ಜುಟ್ಟು, ಗಲ್ಲದ ಜೋಲು. ಚಳಿದೇಶಗಳಲ್ಲಿ ಜುಟ್ಟಿನ ತುದಿ ಹೆಪ್ಪುಗಟ್ಟಿ, ಕಪ್ಪಾಗಿ, ಕೊನೆಗೆ ಉದುರಿಹೋಗುವುದುಂಟು. ಇದು ಬರಿಯ ಚಳಿಯ ಕೆಲಸವೆಂದು ಹೊಸಬರು ತಿಳಿಯುತ್ತಾರೆ. ಗೂಡಿನ ಸಂದುಗೊಂದುಗಳಿಗೆಲ್ಲ ಬಟ್ಟೆ ತುರುಕಿ, ಕಿಟಕಿ ಮುಚ್ಚಿ ಭದ್ರ ಮಾಡುತ್ತಾರೆ. ಆಗಲೇ ಜುಟ್ಟು ಕಪ್ಪಾಗುವುದು ಜಾಸ್ತಿ.

ಕಾರಣ ಕೇಳಿ. ಕೋಳಿ ಉಸಿರಾಡುವಾಗ ನೀರಿನ ಆವಿ ಬಿಡುತ್ತದೆ. ಅದರ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಮುಚ್ಚಿದ ಗೂಡಿನಲ್ಲಿ ಈ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅದು ಛಾವಣಿಗೂ ಗೋಡೆಗೂ ಕೋಳಿಯ ಜುಟ್ಟಿಗೂ ಅಂಟಿ ತಣ್ಣಗಾಗುತ್ತದೆ. ಒದ್ದೆಯಾದ ಚರ್ಮ ಒಣ ಚರ್ಮಕ್ಕಿಂತ ಎಷ್ಟೋ ಬೇಗ ಹೆಪ್ಪುಗಟ್ಟುತ್ತದೆ. ಇದರ ಜೊತೆಗೆ ಹಿಕ್ಕೆ ಕೊಳೆತು ಅಮೋನಿಯಾ ಎಂಬ ಕಟುವಾಸನೆಯ ಅನಿಲ ಹುಟ್ಟಿ ಕೋಳಿಯ ಕಣ್ಣು, ಉಸಿರಿನ ನಾಳ ಹಾಳಾಗುತ್ತವೆ. ಆದ್ದರಿಂದ ಬಲ್ಲವರು ಅಲ್ಲಿ ಗೂಡಿನ ಮೇಲ್ಭಾಗದಲ್ಲಿ, ಕೋಳಿಯ ತಲೆಗಿಂತ ಮೇಲಕ್ಕೆ, ಗಾಳಿಕಂಡಿ ಇಡುತ್ತಾರೆ. ಮೈಗೆ ಗಾಳಿ ಬಡಿಯಬಾರದು, ಆದರೆ ಆವಿ ಮೇಲಿನಿಂದ ಹೊರಗೆ ಹೋಗಬೇಕು. ಎಂಥ ಹಿಮಗಾಲದಲ್ಲೂ ಆ ಕಂಡಿಯನ್ನು ಮುಚ್ಚುವುದಿಲ್ಲ.

ಹೀಟರಿನ ವಿಷಯವೂ ಹೀಗೆಯೇ. ಒಣಹುಲ್ಲು, ಮರದ ಪುಡಿ ತುಂಬಿದ ಗೂಡಿನಲ್ಲಿ ಬಿಸಿ ದೀಪ ತೂಗುಹಾಕಿದರೆ, ಕೋಳಿ ಒಮ್ಮೆ ರೆಕ್ಕೆ ಬಡಿದರೆ ಸಾಕು, ಬೆಂಕಿ. ಆ ದೇಶಗಳಲ್ಲಿ ಗೂಡಿಗೆ ಬೆಂಕಿ ಬೀಳುವುದಕ್ಕೆ ಇದು ಒಂದು ದೊಡ್ಡ ಕಾರಣ. ಮೇಲಾಗಿ, ಬಿಸಿಗೆ ಒಗ್ಗಿದ ಕೋಳಿ ಒಂದು ರಾತ್ರಿ ಕರೆಂಟು ಹೋದರೆ ತತ್ತರಿಸುತ್ತದೆ. ಮಕ್ಕಳು ಫೋನಿನಲ್ಲಿ ಕೇಳಿದರೆ ದಯವಿಟ್ಟು ಹೇಳಿ: ದೊಡ್ಡ ಕೋಳಿಗೆ ಹೀಟರ್ ಬೇಡ, ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಿ. ಮೊಟ್ಟೆಯ ಮುಕ್ಕಾಲು ಪಾಲು ನೀರೇ ಆದ್ದರಿಂದ ನೀರಿಲ್ಲದ ಕೋಳಿ ಮೊಟ್ಟೆ ಇಡುವುದಿಲ್ಲ.

ಇನ್ನೊಂದು ಸಂಗತಿ. ಅಲ್ಲಿ ಚಳಿಗಾಲದಲ್ಲಿ ಮೊಟ್ಟೆ ನಿಲ್ಲುವುದಕ್ಕೆ ಮುಖ್ಯ ಕಾರಣ ಬೆಳಕು. ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಕ್ಯಾಲ್ಗರಿಯಲ್ಲಿ ಡಿಸೆಂಬರಿನ ಹಗಲು ಸುಮಾರು ಎಂಟು ಗಂಟೆಗಳಷ್ಟೇ. ಒಂದು ಸಣ್ಣ ದೀಪವನ್ನು ಬೆಳಗಿನ ಜಾವ ಹೊತ್ತಿಸುವವರಿದ್ದಾರೆ. ಕೋಳಿಗೂ ವರ್ಷಕ್ಕೊಮ್ಮೆ ವಿಶ್ರಾಂತಿ ಇರಲಿ ಎಂದು ಬಿಡುವವರೂ ಇದ್ದಾರೆ.

ಜುಟ್ಟಿಲ್ಲದ ಕೋಳಿ, ಕತ್ತು ಬೋಳಾದ ಕೋಳಿ

ಚಳಿಗೆಂದೇ ಒಂದು ತಳಿಯನ್ನು ರೂಪಿಸಿದ ಕಥೆ ಸ್ವಾರಸ್ಯವಾಗಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾ ಎಂಬಲ್ಲಿ ಒಂದು ಕ್ರೈಸ್ತ ಮಠವಿತ್ತು. ಅಲ್ಲಿದ್ದ ಬ್ರದರ್ ವಿಲ್ಫ್ರಿಡ್ ಶಾತ್ಲೆನ್ ಎಂಬ ಸನ್ಯಾಸಿಗೆ, ತಮ್ಮ ದೇಶದ ಚಳಿಗೆ ಹೊಂದುವ ತಳಿಯೇ ಇಲ್ಲವಲ್ಲ, ಎಲ್ಲವೂ ಹೊರಗಿನಿಂದ ಬಂದವೇ ಎನಿಸಿತು. ಹಲವು ತಳಿಗಳನ್ನು ಕೂಡಿಸಿ ವರ್ಷಗಟ್ಟಲೆ ಆರಿಸುತ್ತಾ ಹೋಗಿ 1918ರಲ್ಲಿ ಶಾಂಟಕ್ಲೇರ್ ಎಂಬ ಕೋಳಿಯನ್ನು ಜನರ ಮುಂದೆ ತಂದರು. ಅದರ ಜುಟ್ಟು ತಲೆಗೆ ಅಂಟಿದ ಗುಂಡಿಯಷ್ಟು, ಜೋಲು ಇದ್ದೂ ಇಲ್ಲದಂತೆ. ಹೆಪ್ಪುಗಟ್ಟುವ ಭಾಗವನ್ನೇ ಸಣ್ಣದು ಮಾಡಿಬಿಟ್ಟರು!

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ತಿರುವನಂತಪುರದ ಕಡೆ ಕಾಣುವ ಬೋಳುಕತ್ತಿನ ಕೋಳಿ. ಕತ್ತಿನ ಮೇಲೆ ಪುಕ್ಕವೇ ಇಲ್ಲ. ನೋಡಲು ಚಂದವಲ್ಲ, ನಿಜ. ಆದರೆ ಸೆಕೆಯಲ್ಲಿ ಮೈಯ ಬಿಸಿ ಆ ಕತ್ತಿನಿಂದ ಹೊರಗೆ ಹೋಗುತ್ತದೆ. ಅಲ್ಲಿ ಬಿಸಿ ಉಳಿಸುವ ಪ್ರಯತ್ನ, ಇಲ್ಲಿ ಬಿಸಿ ಕಳೆಯುವ ಉಪಾಯ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ತಣ್ಣಗಾಗಬೇಕು. ಗಾಳಿಯಲ್ಲೇ ನೀರು ತುಂಬಿರುವ ಈ ಕರಾವಳಿಯಲ್ಲಿ ಆ ಏದುಸಿರಿನಿಂದಲೂ ಹೆಚ್ಚು ಪ್ರಯೋಜನವಿಲ್ಲ. ಹಾಗಾಗಿ ಇಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳು ಕೋಳಿಗೆ ಕೆನಡಾದ ಚಳಿಗಿಂತ ಕಷ್ಟ. ನೆರಳು, ತಣ್ಣೀರು, ಗಾಳಿ ಮೂರೂ ಬೇಕು.

ಇನ್ನು ನಮ್ಮ ಕೊಚ್ಚಿ

ಎರ್ನಾಕುಲಂ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ, ಅದು ಮುಗಿಯಿತೆನ್ನುವಾಗ ತುಲಾವರ್ಷ. ಅದೂ ಸಾಲದೆಂಬಂತೆ ವೃಶ್ಚಿಕ ಮಾಸದಲ್ಲಿ, ಅಂದರೆ ನವೆಂಬರ್, ಡಿಸೆಂಬರ್ ಹೊತ್ತಿಗೆ, ‘ವೃಶ್ಚಿಕ ವೇಲಿಯೇಟ್ಟಂ’ ಎಂದು ಇಲ್ಲಿಯವರು ಕರೆಯುವ ದೊಡ್ಡ ಉಬ್ಬರ. ಆಕಾಶದಲ್ಲಿ ಮೋಡವಿಲ್ಲದಿದ್ದರೂ ತಗ್ಗಿನ ಅಂಗಳಗಳಿಗೆ ಹಿನ್ನೀರು ನುಗ್ಗುತ್ತದೆ. ನಮ್ಮ ಕೋಳಿಗೆ ತೇವ ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ.

ನಮ್ಮ ಬೀದಿಯಲ್ಲಿ ಒಂದು ವರ್ಷ ಐದು ಮನೆಯವರು ಜೂನ್ ಮೊದಲ ವಾರದಲ್ಲಿ ಹತ್ತು ಹತ್ತು ಮರಿ ತಂದರು. ಮಳೆ ಜೋರಾಯಿತು. ಪಾಪ, ಮರಿಗಳಿಗೆ ಚಳಿಯಾದೀತೆಂದು ನಾಲ್ಕು ಮನೆಯವರು ಗೂಡಿನ ಸುತ್ತ ನೀಲಿ ಟಾರ್ಪಾಲು ಬಿಗಿದು ಕಟ್ಟಿದರು. ಮೂರು ವಾರಗಳಲ್ಲಿ ಕೆಲವಕ್ಕೆ ಗೊರಗೊರ ಉಸಿರು, ಕೆಲವಕ್ಕೆ ಹಿಕ್ಕೆಯಲ್ಲಿ ರಕ್ತ. ಓಣಂ ಹೊತ್ತಿಗೆ ನಲವತ್ತರಲ್ಲಿ ಹನ್ನೊಂದು ಉಳಿದವು. ಐದನೆಯ ಮನೆಯ ಚೇಚಿ ಮೀನು ಮಾರುವವರು, ಓದುಬರಹ ಹೆಚ್ಚಿಲ್ಲ. ಅವರು ಮಳೆ ಹೊಡೆಯುವ ಒಂದು ಪಕ್ಕಕ್ಕೆ ಮಾತ್ರ ತೆಂಗಿನ ಮಡಲಿನ ತಟ್ಟಿ ಕಟ್ಟಿ ಉಳಿದ ಕಡೆ ತೆರೆದೇ ಇಟ್ಟಿದ್ದರು. ಅವರ ಹತ್ತರಲ್ಲಿ ಎಂಟು ಬೆಳೆದು ದೊಡ್ಡವಾದವು. ಮೊಟ್ಟೆ ಮಾರಿದ ಹಣದಿಂದ ಅವರು ಮಗಳ ಟ್ಯೂಷನ್ ಫೀಸು ಕಟ್ಟುತ್ತಿದ್ದರು. ಉಳಿದ ನಾಲ್ಕು ಮನೆಗಳಲ್ಲಿ ಒಂದರಲ್ಲಿ ಆ ಮರಿಗಳನ್ನು ಸಾಲ ಮಾಡಿ ತಂದಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ನಾಲ್ಕು ಕೋಳಿಯ ವಿಷಯವೆಂದು ನಾವು ಹಗುರವಾಗಿ ಮಾತಾಡುವಂತಿಲ್ಲ.

ಗೂಡು ಹೀಗಿರಲಿ

ನಾಲ್ಕೈದು ಹೇಂಟೆಗಳಿಗೆ ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಗೂಡು ಸಾಕು. ಅದನ್ನು ನೆಲದ ಮೇಲೆ ಕೂರಿಸಬೇಡಿ. ಎರಡು ಮೂರು ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ. ಉಬ್ಬರದ ನೀರು ಕೆಳಗೇ ಹರಿದುಹೋಗಲಿ. ಇಲ್ಲಿ ಮಳೆ ಹೊಡೆಯುವುದು ಸಮುದ್ರದ ಕಡೆಯಿಂದ. ಆದ್ದರಿಂದ ಪಶ್ಚಿಮದ ಗೋಡೆ ಗಟ್ಟಿಯಾಗಿರಲಿ, ಪೂರ್ವದ ಕಡೆ ಬಲೆ ಇರಲಿ. ಬೆಳಗಿನ ಎಳೆಬಿಸಿಲು ಒಳಗೆ ಬಿದ್ದಷ್ಟೂ ಒಳ್ಳೆಯದು. ಛಾವಣಿಯ ಚಾಚು ಎರಡಡಿಯಾದರೂ ಹೊರಗೆ ಬರಲಿ. ಛಾವಣಿಗೂ ಗೋಡೆಗೂ ನಡುವೆ ಒಂದು ಗೇಣು ತೆರೆದಿಟ್ಟು ಅಲ್ಲಿಗೂ ಸಣ್ಣ ಕಣ್ಣಿನ ಬಲೆ ಹೊಡೆಯಿರಿ. ಮುಂಗುಸಿ, ಹಾವು, ಇಲಿ ಬರುವುದು ಆ ಜಾಗದಿಂದಲೇ. ಟಾರ್ಪಾಲು ಬೇಕೇ ಬೇಕೆಂದರೆ ಮೇಲಿನ ಗೇಣು ಬಿಟ್ಟು ಕೆಳಗೆ ಮಾತ್ರ ಇಳಿಬಿಡಿ.

ಒಳಗೆ ನಾಲ್ಕು ಅಂಗುಲ ದಪ್ಪ ಹಾಸು. ಭತ್ತದ ಉಮಿಯಾಗಲಿ, ಮರದ ಪುಡಿಯಾಗಲಿ, ಇಲ್ಲಿ ಧಾರಾಳವಾಗಿ ಸಿಗುವ ತೆಂಗಿನ ನಾರಿನ ಪುಡಿಯಾಗಲಿ ಆದೀತು. ಮಳೆಗಾಲದಲ್ಲಿ ದಿನಕ್ಕೊಮ್ಮೆ ಕೆದಕಿ ಮಗುಚಬೇಕು. ಒದ್ದೆಯಾದ ಭಾಗವನ್ನು ತೆಗೆದು ಹೊಸದು ಹಾಕಿ. ನೀರಿನ ಪಾತ್ರೆಯ ಸುತ್ತ ಮೊದಲು ಒದ್ದೆಯಾಗುವುದರಿಂದ ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಮಟ್ಟಕ್ಕೆ ಇಡಿ.

ಹಾಸು ಸರಿಯಿದೆಯೇ ಎಂದು ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ, ಮೆಲ್ಲಗೆ ಬಿರಿದು ಉದುರಿದರೆ ಸರಿ. ಎರಡನೆಯದು, ಬೆಳಿಗ್ಗೆ ಗೂಡಿನ ಬಾಗಿಲು ತೆರೆದೊಡನೆ ಬಗ್ಗಿ, ಕೋಳಿಯ ತಲೆಯ ಮಟ್ಟದಲ್ಲಿ ಮೂಗಿಟ್ಟು ನೋಡಿ. ನಿಂತವರಿಗೆ ಬಾರದ ವಾಸನೆ ಬಗ್ಗಿದವರಿಗೆ ಬರುತ್ತದೆ. ಮೂಗು ಚುರುಗುಟ್ಟಿ ಕಣ್ಣಲ್ಲಿ ನೀರು ಬಂದರೆ, ರಾತ್ರಿಯೆಲ್ಲ ಕೋಳಿ ಅದನ್ನೇ ಉಸಿರಾಡಿದೆ ಎಂದು ತಿಳಿಯಿರಿ.

ನಮ್ಮ ಮಲೆನಾಡಿನ ಹಿರಿಯರು ಇದನ್ನೆಲ್ಲ ಪುಸ್ತಕದಲ್ಲಿ ಓದಿದವರಲ್ಲ. ಆಗುಂಬೆಯ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ಕೋಳಿಗಳು ರಾತ್ರಿ ಕೊಟ್ಟಿಗೆಯ ಅಟ್ಟದ ಅಡ್ಡತೊಲೆಯ ಮೇಲೆ ಕೂರುತ್ತಿದ್ದವು. ಕೆಳಗೆ ಹೊಗೆ, ಮೇಲೆ ಹೆಂಚಿನ ಸಂದಿನಲ್ಲಿ ಗಾಳಿ. ಚಳಿ ಇರುತ್ತಿತ್ತು, ಆದರೆ ಒದ್ದೆಯಿರುತ್ತಿರಲಿಲ್ಲ.

ಮರಿಗಳ ಮಾತೇ ಬೇರೆ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಚಳಿ ತಡೆಯುವ ಶಕ್ತಿ ದೊಡ್ಡ ಕೋಳಿಗೆ ಮಾತ್ರ. ಮೊಟ್ಟೆಯೊಡೆದು ಬಂದ ಮರಿಗೆ ಪುಕ್ಕವಿಲ್ಲ, ಬರಿಯ ತುಪ್ಪುಳ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ತಾಯಿಕೋಳಿ ಇದ್ದರೆ ಅದರ ರೆಕ್ಕೆಯಡಿಗಿಂತ ಒಳ್ಳೆಯ ಹೀಟರ್ ಜಗತ್ತಿನಲ್ಲಿಲ್ಲ. ಇಲ್ಲದಿದ್ದರೆ ಬುಟ್ಟಿಯಡಿ ಬಲ್ಬು ಹಾಕಿ, ಭದ್ರವಾಗಿ ಕಟ್ಟಿ, ಹಾಸಿಗೆ ತಗುಲದಂತೆ ನೋಡಿಕೊಳ್ಳಿ. ಥರ್ಮಾಮೀಟರ್ ಬೇಡ, ಮರಿಗಳನ್ನೇ ನೋಡಿ. ಬಲ್ಬಿನಡಿ ಒಂದರ ಮೇಲೊಂದು ಗುಂಪುಗೂಡಿದ್ದರೆ ಚಳಿ, ದೂರ ಓಡಿ ಬಾಯಿ ತೆರೆದಿದ್ದರೆ ಸೆಕೆ, ಎಲ್ಲ ಕಡೆ ಹರಡಿ ಕಾಳು ಹೆಕ್ಕುತ್ತಿದ್ದರೆ ಹಿತ.

ಇದಕ್ಕಿಂತ ಸುಲಭದ ಉಪಾಯವೂ ಇದೆ. ಮರಿಯನ್ನು ಜೂನಿನಲ್ಲಿ ತರಲೇಬೇಡಿ. ಡಿಸೆಂಬರ್ ಕೊನೆಯಲ್ಲೋ ಜನವರಿಯಲ್ಲೋ ತಂದರೆ ಮಳೆ ಬರುವ ಹೊತ್ತಿಗೆ ಅವು ಐದು ತಿಂಗಳ, ಪುಕ್ಕ ಬಲಿತ ಕೋಳಿಗಳಾಗಿರುತ್ತವೆ.

ತಿನಿಸು ಮತ್ತು ರೋಗ

ಮಳೆಗಾಲದಲ್ಲಿ ತಿನಿಸಿಗೆ ಬೂಸಲು ಹಿಡಿಯುತ್ತದೆ. ಜೋಳ, ಶೇಂಗಾ ಹಿಂಡಿ, ತೆಂಗಿನ ಹಿಂಡಿಗಳ ಬೂಸಲಿನಲ್ಲಿ ಕೋಳಿಯ ಯಕೃತ್ತನ್ನು ಕೆಡಿಸುವ ವಿಷವಿರುತ್ತದೆ. ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ತಂದು ಮುಚ್ಚಳದ ಡಬ್ಬಿಯಲ್ಲಿ, ಹಲಗೆಯ ಮೇಲೆ ಇಡಿ. ಬೂಸಲು ಬಂದದ್ದನ್ನು ಬಿಸಿಲಿಗೆ ಹಾಕಿದರೂ ವಿಷ ಹೋಗುವುದಿಲ್ಲ, ಎಸೆದುಬಿಡಿ. ಮೊಟ್ಟೆಯ ಚಿಪ್ಪಿಗೆ ಸುಣ್ಣದ ಅಂಶ ಬೇಕಲ್ಲ, ಅದಕ್ಕೆ ನಮಗಿಲ್ಲಿ ಚಿಂತೆಯಿಲ್ಲ. ವೇಂಬನಾಡು ಹಿನ್ನೀರಿನ ‘ಕಕ್ಕ’, ಅಂದರೆ ನಮ್ಮ ದಕ್ಷಿಣ ಕನ್ನಡದವರು ಮರುವಾಯಿ ಎನ್ನುವ ಚಿಪ್ಪನ್ನು ತೊಳೆದು, ಒಣಗಿಸಿ, ಕುಟ್ಟಿ ಒಂದು ಬಟ್ಟಲಲ್ಲಿ ಇಟ್ಟರೆ ಬೇಕಾದಷ್ಟನ್ನು ಅದೇ ತಿನ್ನುತ್ತದೆ.

ಹಿಕ್ಕೆಯಲ್ಲಿ ರಕ್ತ ಬರುವ ಕಾಕ್ಸಿಡಿಯೋಸಿಸ್ ಎಂಬ ಮರಿಗಳ ರೋಗ ಒದ್ದೆ ಹಾಸಿನಿಂದಲೇ ಬಲಿಯುವುದು. ಕಂಡ ದಿನವೇ ಮೃಗಾಸ್ಪತ್ರಿಗೆ ಹೋಗಿ ಔಷಧಿ ತನ್ನಿ. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗಕ್ಕೆ ಔಷಧಿಯಿಲ್ಲ, ಲಸಿಕೆಯಿದೆ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು. ಇನ್ನು ನಮ್ಮ ಕೊಚ್ಚಿಯ ಜಗತ್ಪ್ರಸಿದ್ಧ ಸೊಳ್ಳೆಗಳು! ಕೋಳಿಸಿಡುಬನ್ನು ಹರಡುವುದು ಅವೇ. ಜುಟ್ಟಿನ ಮೇಲೆ ಕಪ್ಪು ಹಕ್ಕಳೆ ಕಂಡರೆ, ಹಿಮದೂರಿನಲ್ಲಾದರೆ ಚಳಿಯ ಗುರುತು. ನಮ್ಮೂರಿನಲ್ಲಿ ಅದು ಸಿಡುಬಾಗಿರಬಹುದು. ಗೂಡಿನ ಸುತ್ತ ಚಿಪ್ಪು, ಡಬ್ಬಗಳಲ್ಲಿ ನೀರು ನಿಲ್ಲಲು ಬಿಡಬೇಡಿ.

ಹಕ್ಕಿಜ್ವರದ ವಿಷಯ ಬಿಡುವಂತಿಲ್ಲ. ನೆರೆಯ ಆಲಪ್ಪುಳ ಜಿಲ್ಲೆಯಲ್ಲಿ 2014, 2016, 2021, 2024ರಲ್ಲಿ ಅದು ಬಂದಿದೆ. ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಕ್ಕಿಗಳನ್ನೆಲ್ಲ, ಮನೆಯ ಹಿತ್ತಲಿನ ಆರೋಗ್ಯವಂತ ಕೋಳಿಯನ್ನೂ ಸೇರಿಸಿ, ಕೊಲ್ಲುತ್ತಾರೆ. ಮಕ್ಕಳು ಹೆಸರಿಟ್ಟು ಸಾಕಿದ ಕೋಳಿಯಾದರೂ ಬಿಡುವುದಿಲ್ಲ. ನೋವಿನ ಮಾತೇ, ಆದರೆ ರೋಗ ನಿಲ್ಲಿಸಲು ಅದೇ ದಾರಿ. ಹಾಗೆ ಕೊಂದ ಹಕ್ಕಿಗಳಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಮುಚ್ಚಿಡದೆ ತಿಳಿಸಿಬಿಡಿ. ನಿಮ್ಮ ಕೋಳಿಯ ನೀರಿನ ಪಾತ್ರೆಗೆ ಬಾತು, ಕಾಗೆಗಳು ಬಾಯಿ ಹಾಕದಿರಲಿ.

ತರುವುದು ಎಲ್ಲಿಂದ?

ನಾಡಕೋಳಿ ವರ್ಷಕ್ಕೆ ಅರುವತ್ತು, ಎಂಬತ್ತು ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ಕಾವು ಕೂತು ಮರಿ ಸಾಕುತ್ತದೆ. ತ್ರಿಶ್ಶೂರಿನ ಮಣ್ಣುತ್ತಿಯಲ್ಲಿ ರೂಪಿಸಿದ ಗ್ರಾಮಶ್ರೀ ತಳಿ ಅದರ ಎರಡು ಪಟ್ಟಿಗೂ ಮೀರಿ ಇಡುತ್ತದೆ. ಉತ್ತರ ಕೇರಳದ ಕರಿಬಣ್ಣದ ತಲಶ್ಶೇರಿ ಕೋಳಿ ಈ ಹವೆಗೇ ಹುಟ್ಟಿದ್ದು. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜವೂ ಹಿತ್ತಲಿಗೆ ಹೇಳಿಸಿದ ಕೋಳಿಯೇ. ತಿರುವನಂತಪುರದ ಸದಸ್ಯರು ಕುಡಪ್ಪನಕುನ್ನಿನ ಸರ್ಕಾರಿ ಕೋಳಿ ಫಾರಂನಲ್ಲಿ ವಿಚಾರಿಸಬಹುದು. ನಮ್ಮ ಕಡೆಯವರಿಗೆ ಮಣ್ಣುತ್ತಿ, ಚೆಂಗನ್ನೂರು ಇವೆ. ಮೊಟ್ಟೆಗೆ ಹುಂಜ ಬೇಕಿಲ್ಲವಾದ್ದರಿಂದ ನೆರೆಯವರ ಬೆಳಗಿನ ನಿದ್ದೆಯೂ ಉಳಿಯುತ್ತದೆ.

ನಾಲ್ಕು ಹೇಂಟೆಗಳಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಆ ಮೊಟ್ಟೆಯ ಹಣಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂಬುದು ಎಷ್ಟೋ ಹೆಣ್ಣುಮಕ್ಕಳಿಗೆ ದೊಡ್ಡ ಸಂಗತಿ. ಈ ಮಳೆಗಾಲದಲ್ಲಿ ನಿಮ್ಮ ಬೀದಿಯಲ್ಲಿ ಯಾರಾದರೂ ಗೂಡಿಗೆ ಟಾರ್ಪಾಲು ಬಿಗಿಯುತ್ತಿರುವುದು ಕಂಡರೆ, ಎರಡು ನಿಮಿಷ ನಿಂತು ಮೇಲಿನ ಒಂದು ಗೇಣು ತೆರೆದಿಡಲು ಹೇಳಿ. ಹಾಗೆಯೇ ಮುಂದಿನ ಸಲ ಮಗಳು ಕ್ಯಾಲ್ಗರಿಯಿಂದಲೋ ಚಿಕಾಗೋದಿಂದಲೋ ಫೋನ್ ಮಾಡಿದಾಗ ಅವಳಿಗೂ ಅದನ್ನೇ ಹೇಳಿ. ನಿಮ್ಮ ಹಿತ್ತಲಿನ ಅನುಭವಗಳೇನಾದರೂ ಇದ್ದರೆ ನಮ್ಮ ಪತ್ರಿಕೆಗೆ ಬರೆಯಿರಿ, ಎಲ್ಲರೂ ಓದೋಣ.